ಪೀಣ್ಯದ ಪಕ್ಕದ ಪಿಟೀಲು

ಟಿ. ದಾಸರಹಳ್ಳಿಯಲ್ಲಿ ಪಿಟೀಲು ಕಲಿಸುವವನ ಬಳಿಗೆ ಮಗುವನ್ನು ಕರೆತರುವ ತಂದೆತಾಯಿ ಮೊದಲು ಫೀಸು ಕೇಳುವುದಿಲ್ಲ. ‘ನಮ್ಮ ವಂಶದಲ್ಲಿ ಯಾರಿಗೂ ಸಂಗೀತ ಇಲ್ಲ ಸಾರ್, ಇವನಿಗೆ ಬರುತ್ತಾ?’ ಎಂದು ಕೇಳುತ್ತಾರೆ. ಹಾಸನ, ಸಿರಾ, ಕೆ.ಆರ್. ಪೇಟೆ, ಕಲಬುರಗಿ ಕಡೆಯಿಂದ ಬಂದು ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವ ಜನ ಇವರು. ಒಬ್ಬರು ಸಿಎನ್‌ಸಿ ಯಂತ್ರ ನಡೆಸುತ್ತಾರೆ, ಇನ್ನೊಬ್ಬರು ಪೌಡರ್ ಕೋಟಿಂಗ್ ಘಟಕದಲ್ಲಿದ್ದಾರೆ, ತಾಯಂದಿರಲ್ಲಿ ಹಲವರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ತಮ್ಮ ಕೆಲಸದ ಬಗ್ಗೆ ಅವರಿಗೆ ಇಂಥ ಅನುಮಾನ ಬಂದದ್ದಿಲ್ಲ. ವಂಶದಲ್ಲಿ ಯಾರೂ ಲೇತ್ ಮುಟ್ಟಿದವರಲ್ಲ. ಆದರೂ ಐಟಿಐ ಸೇರಿದರು, ಹೆಲ್ಪರ್ ಆದರು, ಬೈಸಿಕೊಂಡರು, ಕಲಿತರು, ಆಪರೇಟರ್ ಆದರು. ಸಂಗೀತದ ಬಾಗಿಲಿಗೆ ಬಂದಾಗ ಮಾತ್ರ ವಂಶ ನೆನಪಾಗುತ್ತದೆ.

ಆ ನೆನಪನ್ನು ಅವರ ತಲೆಯಲ್ಲಿ ಬಿತ್ತಿದವರು ಸಂಗೀತದವರೇ. ಸನ್ಮಾನ ಸಮಾರಂಭದಲ್ಲಿ ಶಾಲು ಹೊದಿಸಿಕೊಂಡ ಕಲಾವಿದ ‘ನನ್ನದೇನೂ ಇಲ್ಲ, ಎಲ್ಲ ದೈವಕೃಪೆ’ ಎನ್ನುತ್ತಾನೆ. ವಿನಯದ ಮಾತು, ನಿಜ. ಆದರೆ ಸಭೆಯ ಕೊನೆಯ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ: ಕೃಪೆಯಾದವರಿಗೆ ಒಲಿಯುವ ವಿದ್ಯೆ ಇದು, ನಮ್ಮ ಮೇಲೆ ಆಗಿಲ್ಲ. ಆ ಕಲಾವಿದ ಬೆಳಗಿನ ಜಾವ ಎದ್ದು ವರ್ಷಗಟ್ಟಲೆ ಸಾಧನೆ ಮಾಡಿದ್ದು, ಸಾಧನೆಗೆ ಮನೆಯಲ್ಲೊಂದು ಮೂಲೆ ಸಿಕ್ಕಿದ್ದು, ವಾದ್ಯ ಕೊಡಿಸುವ ಶಕ್ತಿ ಅಪ್ಪನಿಗಿದ್ದದ್ದು, ಗುರುವಿನ ಮನೆಯ ನಡುಮನೆಗೆ ಕಾಲಿಡಬಲ್ಲ ಜಾತಿಯಲ್ಲಿ ಹುಟ್ಟಿದ್ದು, ಎಲ್ಲವೂ ‘ಕೃಪೆ’ ಎಂಬ ಒಂದು ಮಾತಿನ ಮರೆಗೆ ಸರಿಯುತ್ತವೆ. ದೇವರು ಕೊಟ್ಟದ್ದು ಎಂದಮೇಲೆ, ಸಿಗದವರು ಯಾರನ್ನು ಕೇಳಬೇಕು?

ಮಕ್ಕಳೆಲ್ಲ ಒಂದೇ ಎಂದು ನಾನು ಹೇಳುವುದಿಲ್ಲ. ಒಂದು ಮಗು ಶ್ರುತಿಯನ್ನು ಮೊದಲ ದಿನವೇ ಹಿಡಿಯುತ್ತದೆ, ಇನ್ನೊಂದಕ್ಕೆ ತಿಂಗಳುಗಳೇ ಬೇಕು. ಈ ವ್ಯತ್ಯಾಸವನ್ನು ಮುಚ್ಚಿಡುವುದು ವೈಚಾರಿಕತೆಯಲ್ಲ. ಆದರೆ ಬೇಗ ಹಿಡಿದ ಮಗು ಬೇಗ ಬಿಟ್ಟದ್ದನ್ನೂ, ತಡವಾಗಿ ಹಿಡಿದದ್ದು ವರ್ಣದವರೆಗೆ ಗಟ್ಟಿಯಾಗಿ ಬಂದದ್ದನ್ನೂ ಪಾಠ ಹೇಳುವ ಯಾರು ಬೇಕಾದರೂ ಕಂಡಿರುತ್ತಾರೆ. ಮೂರನೇ ತಿಂಗಳಲ್ಲೇ ‘ಇವನಿಗೆ ಸ್ವರಜ್ಞಾನವಿಲ್ಲ’ ಎಂದು ತೀರ್ಪು ಕೊಡುವ ಮೇಷ್ಟರು ಮಗುವಿನ ಕಿವಿಯನ್ನು ಅಳೆದಿರುವುದಿಲ್ಲ. ತಮ್ಮ ತಾಳ್ಮೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಅಳೆದಿರುತ್ತಾರೆ.

ಪಿಟೀಲು ಎತ್ತಿಕೊಂಡ ಮಗುವಿನ ಮೊದಲ ನಾದ ಕರ್ಕಶವಾಗಿಯೇ ಇರುತ್ತದೆ. ತಾಯಿ ಮುಖ ಕಿವಿಚುತ್ತಾಳೆ, ಮಗು ತಾನೇನೋ ತಪ್ಪು ಮಾಡಿದೆನೆಂದು ನಾಚುತ್ತದೆ. ಈ ಕರ್ಕಶಕ್ಕೆ ಕಾರಣ ಹೇಳುವುದು ಶಿಕ್ಷಕನ ಮೊದಲ ಕರ್ತವ್ಯ ಎಂದು ನನ್ನ ನಂಬಿಕೆ. ಕಮಾನಿನ ಕೂದಲಿಗೆ ರೋಸಿನ್ ಹಚ್ಚಿರುತ್ತೇವೆ. ಕಮಾನು ಎಳೆದಾಗ ತಂತಿ ಕೂದಲಿಗೆ ಅಂಟಿಕೊಂಡು ಸ್ವಲ್ಪ ದೂರ ಜೊತೆಗೇ ಸಾಗುತ್ತದೆ, ಆಮೇಲೆ ಥಟ್ಟನೆ ಜಾರಿ ಹಿಂದಕ್ಕೆ ಬರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಅಂಟು-ಜಾರು ಒಂದೇ ಲೆಕ್ಕದಲ್ಲಿ ನಡೆದರೆ ಸ್ವರ, ಲೆಕ್ಕ ತಪ್ಪಿದರೆ ಕಿರುಚು. ಲೆಕ್ಕ ಕೂಡಿಬರುವುದು ಮೂರರ ಮೇಲೆ: ಕಮಾನಿನ ವೇಗ, ಒತ್ತಡ, ತಂತಿಗಳನ್ನು ಎತ್ತಿಹಿಡಿದ ಕುದುರೆಯಿಂದ ಅದು ಎಷ್ಟು ದೂರದಲ್ಲಿದೆ ಎಂಬುದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತಂತಿಯ ಈ ಅಂಟು-ಜಾರನ್ನು ಕಂಡುಹಿಡಿದ. 1918ರಲ್ಲಿ ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ ಇದರ ಯಾಂತ್ರಿಕ ಸಿದ್ಧಾಂತ ಬರೆದರು. ಎರಡು ವರ್ಷದ ಮೇಲೆ, ಯಂತ್ರದಿಂದ ಪಿಟೀಲು ನುಡಿಸಿ, ವೇಗಕ್ಕೂ ಕಮಾನಿಟ್ಟ ಜಾಗಕ್ಕೂ ತಕ್ಕಂತೆ ಎಷ್ಟು ಒತ್ತಡ ಬೇಕಾಗುತ್ತದೆ ಎಂದು ಅಳೆದರು.

ಒಮ್ಮೆ ಇದನ್ನು ಒಬ್ಬ ಹುಡುಗನಿಗೆ ಹೇಳುತ್ತಿದ್ದೆ. ಸೆಕೆಂಡ್ ಶಿಫ್ಟಿಗೆ ಹೊರಟ ಅವನ ಅಪ್ಪ ಬಾಗಿಲಲ್ಲಿ ಟಿಫಿನ್ ಬ್ಯಾಗ್ ಹಿಡಿದು ನಿಂತಿದ್ದರು. ‘ಹಂಗಾದ್ರೆ ಇದು ಚಾಟರ್ ಸಾರ್’ ಎಂದರು. ಲೇತ್‌ನಲ್ಲಿ ಟೂಲು ಕಂಪಿಸಿ ಕಿರುಚತೊಡಗಿದರೆ ಜಾಬಿನ ಮೇಲೆ ಗೆರೆ ಬೀಳುತ್ತದಂತೆ. ಆಗ ಸ್ಪೀಡು, ಫೀಡು, ಟೂಲು ಎಷ್ಟು ಹೊರಗೆ ಚಾಚಿದೆ ಎಂಬುದನ್ನು ನೋಡುತ್ತಾರಂತೆ. ‘ಕಿವಿಯಲ್ಲೇ ಗೊತ್ತಾಗುತ್ತೆ, ಮೀಟರ್ ನೋಡೋದೇ ಬೇಡ’ ಎಂದು ಮಗನ ಕಡೆ ತಿರುಗಿ, ‘ಒತ್ತಬೇಡ, ಉದ್ದಕೆ ಎಳಿ’ ಎಂದರು. ನಾನು ವಾರದಿಂದ ಹೇಳುತ್ತಿದ್ದ ಮಾತನ್ನೇ ಅವರು ಹೇಳಿದ್ದರು. ವಂಶದಲ್ಲಿ ಸಂಗೀತವಿಲ್ಲ ಎಂದು ಅಳುಕಿದ್ದ ಮನುಷ್ಯನ ಕಿವಿ ವರ್ಷಗಳಿಂದ ಕಂಪನವನ್ನು ಆಲಿಸುತ್ತ ಪಳಗಿತ್ತು. ಆ ಪಳಗುವಿಕೆಯನ್ನು ವಿದ್ಯೆ ಎಂದು ಕರೆಯುವವರು ಇರಲಿಲ್ಲ, ಅಷ್ಟೆ.

ಕಾರಣ ತಿಳಿದರೆ ಬೆರಗು ಹೋಗುತ್ತದೆ ಎಂದು ಹೆದರುವವರಿದ್ದಾರೆ. ನನ್ನ ಅನುಭವ ಇದಕ್ಕೆ ತಿರುಗುಮುರುಗು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದು ಎಳೆ ದಾರ ಸಿಕ್ಕಿಸುತ್ತಾರೆ, ಜೀವಾಳಿ ಎನ್ನುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸಪ್ಪೆಯಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಉಪಸ್ವರದ ನಿಶ್ಚಲ ಬಿಂದುವಿರುತ್ತದೋ ಆ ಉಪಸ್ವರ ಹುಟ್ಟಬಾರದು ಎಂಬುದು ಯೂರೋಪಿನ ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿ ಮತ್ತು ವೀಣೆ ಆ ನಿಯಮಕ್ಕೆ ಬಗ್ಗುವುದಿಲ್ಲ, ಅದಕ್ಕೆ ಕಾರಣ ನಮ್ಮವರು ರೂಪಿಸಿದ ಆ ಬಾಗಿದ ಅಗಲ ಕುದುರೆ ಎಂದು ರಾಮನ್ 1921ರಲ್ಲಿ ತೋರಿಸಿದರು. ಅವರ ಮನೆಯಲ್ಲಿ ವೀಣೆ ನುಡಿಯುತ್ತಿತ್ತು. ಪತ್ನಿ ಲೋಕಸುಂದರಿ ವೀಣೆ ಬಲ್ಲವರು. ನಾನು ಮಕ್ಕಳ ಕೈಗೇ ದಾರ ಕೊಟ್ಟು ಸರಿಸಲು ಹೇಳುತ್ತೇನೆ. ಝೇಂಕಾರ ಎದ್ದಾಗ ಅವರ ಹುಬ್ಬು ಮೇಲೇರುತ್ತದೆ. ವಿವರಣೆ ಕೇಳಿದ ಮೇಲೂ ಅದು ಕೆಳಗಿಳಿದದ್ದನ್ನು ನಾನು ಕಂಡಿಲ್ಲ. ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಾರೆ.

ಬೆಂಗಳೂರಿನಲ್ಲಿ ಈ ಮಾತಿಗೊಂದು ಜೀವಂತ ಉದಾಹರಣೆ ಇತ್ತು. ಗೌರಿಬಿದನೂರು ಬಳಿಯ ಹೊಸೂರಿನ ಬಡಮನೆಯಿಂದ ಬಂದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿ ಮಾಡಿದವರು. ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ ಅದೇ ಮನುಷ್ಯ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಪವಾಡವನ್ನು ಒಪ್ಪದವನಿಗೆ ಸಂಗೀತ ಹತ್ತಿರವಾಗುವುದು ಹೇಗೆ ಎಂದು ಕೇಳುವವರು, ಸಂಗೀತವೆಂದರೆ ಮನುಷ್ಯ ತನ್ನ ಕೈಯಾರೆ ಮಾಡಿದ್ದು ಎಂಬುದನ್ನೇ ಮರೆತಿರುತ್ತಾರೆ.

ಆಯುಧಪೂಜೆಯ ದಿನ ಪೀಣ್ಯವನ್ನು ನೋಡಬೇಕು. ಶೆಡ್ಡು ಶೆಡ್ಡಿಗೂ ಬಾಳೆಕಂದು, ಯಂತ್ರಗಳಿಗೆ ಕುಂಕುಮ, ಗೇಟಿನ ಮುಂದೆ ಒಡೆದ ಬೂದುಗುಂಬಳ. ಹಿಂದಿನ ದಿನವೆಲ್ಲ ಯಂತ್ರ ತೊಳೆದು, ಲೋಹದ ಚೂರು ಗುಡಿಸಿ, ಹಳೆಯ ಗ್ರೀಸು ಒರೆಸಿ ಹೊಸದು ಹಾಕಿರುತ್ತಾರೆ. ಆ ಹೊತ್ತಿಗೆ ನನ್ನ ತರಗತಿಯಲ್ಲಿ ಮಕ್ಕಳು ತಂತಿಯಡಿ ಕೂತ ರೋಸಿನ್ ಪುಡಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಾರೆ, ಸವೆದ ತಂತಿ ಬಿಚ್ಚುತ್ತಾರೆ, ಜಾರುವ ಬಿರಡೆಗೆ ಸೀಮೆಸುಣ್ಣ ಸವರುತ್ತಾರೆ, ವಾಲಿದ ಕುದುರೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಪೂಜೆ ಮಾಡುವ ಮನೆಯವರು ಮಾಡುತ್ತಾರೆ, ನಾನು ತಡೆಯುವುದಿಲ್ಲ. ವಾದ್ಯವನ್ನು ಬಟ್ಟೆ ಮುಚ್ಚಿ ಒಂದಿಡೀ ದಿನ ನುಡಿಸದೆ ಇಡುವ ಸಂಪ್ರದಾಯವನ್ನು ಮಾತ್ರ ನಾವು ಪಾಲಿಸುವುದಿಲ್ಲ. ರಜೆ ಸಿಗುವುದೇ ಅಪರೂಪವಾದ ಮಕ್ಕಳು. ಅವರಿಗೆ ಬಿಡುವಾದ ದಿನ ವಾದ್ಯಕ್ಕೂ ಬಿಡುವು ಕೊಟ್ಟರೆ ಹೇಗೆ?

ಇದು ಕಲಿಯುವವರ ಮಾತಾಯಿತು. ಕಲಿಸುವವನ ಒಳಗೆ ಏನಾಗುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಬ್ಯಾಚಿನ ಮೇಲೆ ಬ್ಯಾಚು. ಸರಳೆವರಸೆ, ಜಂಟಿವರಸೆ, ಅದೇ ಮಾಯಾಮಾಳವಗೌಳ, ಅದೇ ತಪ್ಪು, ಅದೇ ತಿದ್ದುಪಡಿ. ಜೂನಿಯರ್ ಪರೀಕ್ಷೆ ಹತ್ತಿರವಾದರೆ ಪಠ್ಯಕ್ರಮ ಬಿಟ್ಟು ಒಂದು ಸ್ವರವನ್ನೂ ನುಡಿಸಲಾಗದು. ರಾತ್ರಿ ತುಮಕೂರು ರಸ್ತೆಯ ಲಾರಿಗಳ ಸದ್ದು ತಗ್ಗುವ ಹೊತ್ತಿಗೆ, ತನಗಾಗಿ ವಾದ್ಯ ತೆಗೆಯುವ ಚೈತನ್ಯ ಉಳಿದಿರುವುದಿಲ್ಲ. ಹೀಗೆ ತಿಂಗಳುಗಳು ಉರುಳಿ, ಕಡೆಗೆ ಶಿಕ್ಷಕ ಕೇವಲ ತಪ್ಪು ಹಿಡಿಯುವ ಕಿವಿಯಾಗುತ್ತಾನೆ, ನುಡಿಸುವ ಕೈಯಾಗಿ ಉಳಿಯುವುದಿಲ್ಲ. ಇದು ಕಲಿಸುವ ವೃತ್ತಿಯ ನಿಜವಾದ ಅಪಾಯ. ಅವನು ಇದಕ್ಕೆ ‘ಸ್ಫೂರ್ತಿ ಬರುತ್ತಿಲ್ಲ’ ಎಂದು ಹೆಸರಿಟ್ಟು ಕಾಯತೊಡಗುತ್ತಾನೆ. ಮಳೆಗಾಗಿ ಕತ್ತೆಗೆ ಮದುವೆ ಮಾಡುವವರನ್ನು ಆಡಿಕೊಳ್ಳುವ ನಾವು, ಸ್ಫೂರ್ತಿಗಾಗಿ ಕಾಯುವುದನ್ನು ಮಾತ್ರ ಕಲಾವಿದನ ಲಕ್ಷಣವೆಂದು ಗೌರವಿಸುತ್ತೇವೆ. ಎರಡರಲ್ಲೂ ಕೆಲಸ ಮಾಡುತ್ತಿರುವುದು ಒಂದೇ ನಂಬಿಕೆ: ಹೊರಗಿನಿಂದ ಏನೋ ಇಳಿದುಬರಬೇಕು.

ಹುಮ್ಮಸ್ಸು ಎಲ್ಲಿಂದ ಬರುತ್ತದೆ ಎಂದು ನನಗೆ ತೋರಿಸಿದ್ದು ಒಂದು ಪ್ರಶ್ನೆ. ತೋಡಿ ಪಾಠ ನಡೆಯುತ್ತಿತ್ತು. ಎಂಟನೇ ಕ್ಲಾಸಿನ ಹುಡುಗಿ ಕಮಾನು ಕೆಳಗಿಟ್ಟು ಕೇಳಿದಳು: ‘ಈ ಗಾಂಧಾರ ಯಾಕೆ ಸಾರ್ ಸುಮ್ಮನೆ ನಿಲ್ಲಲ್ಲ? ಯಾಕೆ ಅಲುಗಾಡಿಸಬೇಕು?’ ಸಂಪ್ರದಾಯ ಹಾಗಿದೆ, ನನ್ನ ಗುರುಗಳು ಹಾಗೆ ಹೇಳಿಕೊಟ್ಟರು ಎನ್ನಬಹುದಿತ್ತು. ಬಹಳ ಪಾಠಗಳು ಅಲ್ಲಿಗೇ ಮುಗಿಯುತ್ತವೆ. ಆದರೆ ಅದು ಉತ್ತರವಲ್ಲ, ಅಧಿಕಾರ ಚಲಾವಣೆ. ವಾದ್ಯ ಎತ್ತಿಕೊಂಡು ತೋಡಿಯ ಸಾಧಾರಣ ಗಾಂಧಾರವನ್ನು ಬೆರಳು ಅಲುಗದೆ ನೇರ ಹಿಡಿದು ತೋರಿಸಿದೆ. ಸ್ವರ ಶುದ್ಧವಾಗಿಯೇ ಇತ್ತು, ತೋಡಿ ಮಾತ್ರ ಅಲ್ಲಿರಲಿಲ್ಲ. ಆಮೇಲೆ ರಿಷಭದಿಂದ ಮೇಲೆತ್ತಿ, ಮಧ್ಯಮದ ಅಂಚು ಮುಟ್ಟಿಸಿ, ಮತ್ತೆ ಇಳಿಸುತ್ತ ನುಡಿಸಿದೆ. ಅವಳು ತಲೆದೂಗಲಿಲ್ಲ, ‘ಶಂಕರಾಭರಣದಲ್ಲಿ ಗಾಂಧಾರ ನಿಲ್ಲುತ್ತಲ್ಲ?’ ಎಂದಳು. ಹೌದು, ಅಲ್ಲಿ ಅಂತರ ಗಾಂಧಾರ ಬಹುಮಟ್ಟಿಗೆ ಸ್ಥಿರವಾಗಿ ನಿಲ್ಲುತ್ತದೆ, ಮಧ್ಯಮಕ್ಕೆ ಒಂದು ಹೆಜ್ಜೆಯಷ್ಟೇ ದೂರ. ತೋಡಿಯ ಗಾಂಧಾರ ಎರಡು ಕಡೆಯೂ ಜಾಗವಿರುವ ಸ್ವರ, ಅದರ ಗುರುತು ಅದರ ಓಡಾಟದಲ್ಲಿದೆ. ಇಷ್ಟು ಹೇಳಿ, ಎಷ್ಟು ನಿಧಾನ ತೂಗಬೇಕು, ಮಧ್ಯಮವನ್ನು ಮುಟ್ಟಬೇಕೋ ಬರೀ ಸುಳಿವು ಕೊಡಬೇಕೋ ಎಂದು ಇಬ್ಬರೂ ನುಡಿಸಿ ನೋಡುತ್ತ ಕೂತೆವು. ಮುಂದಿನ ಬ್ಯಾಚಿನ ಮಕ್ಕಳು ಬಂದು ಸುಮ್ಮನೆ ಗೋಡೆಗೊರಗಿ ಕುಳಿತರು.

ಅವತ್ತು ರಾತ್ರಿ ನಾನು ವಾದ್ಯ ತೆಗೆದೆ. ದಣಿವು ದಿನದಷ್ಟೇ ಇತ್ತು, ಯಾವ ಶಕ್ತಿಯೂ ಇಳಿದು ಬಂದಿರಲಿಲ್ಲ. ತೀರದ ಒಂದು ಪ್ರಶ್ನೆ ಇತ್ತು. ನನ್ನ ಗುರುಗಳ ತೂಗು ನನ್ನ ಬೆರಳಲ್ಲಿ ಕೂತಿದೆ, ಅದಕ್ಕಿಂತ ನಿಧಾನ ನನಗೆ ಇಷ್ಟವೇ, ಇಷ್ಟವಾದರೆ ಏಕೆ? ಈ ‘ಏಕೆ’ಗೆ ಬೆರಳಲ್ಲೇ ಉತ್ತರ ಹುಡುಕಬೇಕು. ಸ್ವಂತ ಬಾನಿ ಎಂದು ನಾವು ಕರೆಯುವುದು ಎದೆಯೊಳಗೆ ಮೊದಲೇ ತುಂಬಿಟ್ಟಿದ್ದು ಹೊರಗೆ ಸುರಿಯುವ ವಸ್ತು ಎಂದು ನನಗನ್ನಿಸುವುದಿಲ್ಲ. ಹೀಗೆ ಒಂದೊಂದು ಸ್ವರದಲ್ಲೂ ಕಾರಣ ಕೇಳಿಕೊಂಡು ಮಾಡಿದ ಆಯ್ಕೆಗಳು ಕೂಡುತ್ತ ಹೋಗಿ ಒಬ್ಬನ ಬಾನಿಯಾಗುತ್ತವೆ. ಪ್ರಶ್ನೆ ಕೇಳುವ ಶಿಷ್ಯರಿಲ್ಲದ ಗುರುವಿಗೆ ಈ ಅವಕಾಶ ಕಡಿಮೆ. ಪ್ರಶ್ನೆಯನ್ನು ಅಹಂಕಾರವೆಂದು ತಿಳಿಯುವ ಗುರು ತನ್ನ ಊಟಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ.

ಮೈಸೂರು ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲನ್ನೇ ನೋಡಿ. ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಕಟ್ಟುನಿಟ್ಟಿನ ಗುರುಕುಲದಲ್ಲಿ ಪಳಗಿದವರು ಅವರು. ಮೈಕು ಇಲ್ಲದ ದಿನಗಳು. ದೊಡ್ಡ ಸಭೆಯಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಇದಕ್ಕೇನು ಮಾಡಬೇಕೆಂದು ಯೋಚಿಸಿ ಮೂರು ತಂತಿ ಹೆಚ್ಚಿಗೆ ಸೇರಿಸಿದರು. ನಾದಕ್ಕೆ ಗಾತ್ರ ಬಂತು, ಆ ಗಾತ್ರಕ್ಕೆ ತಕ್ಕ ಕಮಾನು ಬೆಳೆಯಿತು, ಕಡೆಗೆ ಕಣ್ಣು ಮುಚ್ಚಿ ಕೇಳಿದರೂ ‘ಇದು ಚೌಡಯ್ಯ’ ಎನ್ನುವಂತಾಯಿತು. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಿಸಬೇಕು ಎಂಬ ಕಾಳಜಿಯಿಂದ ಆ ಬಾನಿ ಹುಟ್ಟಿತು. ಪಿಟೀಲಾದರೂ ಎಲ್ಲಿಯದು? ಯೂರೋಪಿನ ಬ್ಯಾಂಡಿನವರಿಂದ ಬಾಲುಸ್ವಾಮಿ ದೀಕ್ಷಿತರು ಕಲಿತು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವಂತೆ ನಮ್ಮವರು ಒಗ್ಗಿಸಿಕೊಂಡ ವಾದ್ಯ. ಇಂದು ಅದಿಲ್ಲದೆ ಕರ್ನಾಟಕ ಸಂಗೀತದ ಕಚೇರಿ ನಡೆಯದು. ಶುದ್ಧ ಪರಂಪರೆಯ ಮಾತಾಡುವವರ ಪಕ್ಕದಲ್ಲೇ ಈ ಪರದೇಶಿ ವಾದ್ಯ ಕೂತಿರುತ್ತದೆ.

ನುಡಿಸುವುದು, ಕಲಿಸುವುದು, ಪ್ರಶ್ನಿಸುವುದು ಈ ಮೂರೂ ಒಂದೇ ಬದುಕಿನಲ್ಲಿ ಕೂಡಿದ್ದನ್ನು ನೋಡಬೇಕಾದರೆ ನಾನು ರಾಜೀವ ತಾರಾನಾಥರ ಕಡೆ ನೋಡುತ್ತೇನೆ. ಅವರು ಹುಟ್ಟಿದ್ದು 1932ರಲ್ಲಿ, ಇದೇ ಬೆಂಗಳೂರಿನಲ್ಲಿ. ತಂದೆ ಪಂಡಿತ ತಾರಾನಾಥರು ವೈದ್ಯರು, ಚಿಂತಕರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ, ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದವರು. ಜಾತಿಮತಗಳ ಗೋಡೆಯನ್ನು ತಮ್ಮ ಬದುಕಿನಲ್ಲೇ ದಾಟಿದವರು. ಮಗನಿಗೆ ಸಂಗೀತದ ಮೊದಲ ಪಾಠ ಅವರದೇ. 1942ರಲ್ಲಿ ಅವರು ತೀರಿಕೊಂಡಾಗ ರಾಜೀವ ಇನ್ನೂ ಚಿಕ್ಕ ಹುಡುಗ. ಮುಂದೆ ಇಂಗ್ಲಿಷ್ ಸಾಹಿತ್ಯ ಓದಿ, ಟಿ.ಎಸ್. ಎಲಿಯಟ್‌ನ ಕಾವ್ಯದ ಮೇಲೆ ಪಿಎಚ್.ಡಿ. ಮಾಡಿ, ಅಧ್ಯಾಪಕರಾಗಿ, ನವ್ಯದ ಕಾಲದ ವಿಮರ್ಶಕರಲ್ಲಿ ಒಬ್ಬರಾದರು. ಈ ನಡುವೆ, 1950ರ ದಶಕದ ಆರಂಭದಲ್ಲಿ, ಬೆಂಗಳೂರಿನ ಒಂದು ಕಚೇರಿಯಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಕೇಳಿದ್ದರು. ಕೇಳಿದ ಮೇಲೆ ಕಲ್ಕತ್ತೆಗೆ ಹೋಗಿ ಶಿಷ್ಯರಾದರು. ಆ ವಯಸ್ಸಿಗೆ ಹೊಸ ವಾದ್ಯ ಹಿಡಿಯುವುದು ಸುಲಭವಲ್ಲ. ಸರೋದಿಗೆ ಮೆಟ್ಟಿಲುಗಳಿಲ್ಲ, ನುಣುಪಾದ ಉಕ್ಕಿನ ತಗಡಿನ ಮೇಲೆ ಉಗುರಿನ ಅಂಚಿನಿಂದ ಸ್ವರ ಹಿಡಿಯಬೇಕು. ಮುಂದೆ ಅಧ್ಯಾಪನದ ನೌಕರಿಯನ್ನೂ ಬಿಟ್ಟರು.

ಅವರ ಕುರಿತು ಬರೆಯುವವರು ಆ ಕಚೇರಿಯ ರಾತ್ರಿಯನ್ನು ಒಂದು ದೈವೀ ಕರೆಯಂತೆ ಚಿತ್ರಿಸುವುದುಂಟು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ನಂತರದ ದಶಕಗಳು. ಒಂದು ರಾತ್ರಿ ಮನಸೋಲುವುದು ಯಾರಿಗೂ ಆಗಬಹುದು. ಮನಸೋತದ್ದನ್ನು ಮಾರನೆಯ ಬೆಳಗಿನಿಂದ ದುಡಿಮೆಯಾಗಿ ಬದಲಿಸುವುದು ಮನುಷ್ಯನ ನಿರ್ಧಾರ. ವೃತ್ತಿಯ ಉತ್ತುಂಗದಲ್ಲಿ, 1989ರಿಂದ 1992ರವರೆಗೆ, ಅವರು ಫೋರ್ಡ್ ಫೌಂಡೇಶನ್ ನೆರವಿನಿಂದ ಕೈಗೊಂಡ ಅಧ್ಯಯನ ಏನು ಗೊತ್ತೇ? ತಮ್ಮ ಮೈಹರ್ ಘರಾಣೆಯ ಬೋಧನಾ ವಿಧಾನ. ಗುರು ಹೇಗೆ ಕಲಿಸುತ್ತಾನೆ ಎಂಬುದು ರಹಸ್ಯವಾಗಿ, ಅನುಗ್ರಹವಾಗಿ ಉಳಿಯಬೇಕಿಲ್ಲ, ಪರಿಶೀಲಿಸಬಹುದಾದ ಕೌಶಲ ಅದು ಎಂದು ಅವರಿಗೆ ಅನ್ನಿಸಿತ್ತು. 1995ರಿಂದ ಹತ್ತು ವರ್ಷ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಕಲಿಸಿದರು. ಆಮೇಲೆ 2024ರಲ್ಲಿ ತೀರಿಕೊಳ್ಳುವವರೆಗೆ ಮೈಸೂರಿನಲ್ಲಿದ್ದರು. ‘ಸಂಸ್ಕಾರ’, ‘ಪಲ್ಲವಿ’ ಸಿನಿಮಾಗಳಿಗೆ ಸಂಗೀತ ಕೊಟ್ಟವರೂ ಅವರೇ. ಗುರುವಿನ ನೆರಳು ಅವರ ಸರೋದಿನ ಮೇಲೆ ದಟ್ಟವಾಗಿತ್ತು ಎನ್ನುವವರಿದ್ದಾರೆ. ಇರಬಹುದು. ಆದರೆ ಅವರ ಆಲಾಪದಲ್ಲಿ ಒಂದು ಸ್ವರದ ಮುಂದೆ ನಿಂತು, ಮುಂದಕ್ಕೆ ಹೋಗುವ ಅವಸರವಿಲ್ಲದೆ ಅದನ್ನೇ ತಿರುವಿ ತಿರುವಿ ನೋಡುವ ಗುಣ ನನಗೆ ಕೇಳಿಸುತ್ತದೆ. ಕವಿತೆಯ ಒಂದು ಸಾಲನ್ನು ಬಿಡದೆ ಓದುವ ವಿಮರ್ಶಕನ ಗುಣ ಅದು. ಗುರುವಿನಿಂದ ಬೇರೆಯಾಗಬೇಕೆಂಬ ಹಟದಿಂದ ಅದು ಬಂದದ್ದಲ್ಲ, ಇಡೀ ಬದುಕು ವಾದ್ಯದೊಳಗೆ ಬಂದದ್ದರಿಂದ ಬಂತು.

ಅವರು ಸೇರಿದ ಆ ಘರಾಣೆಯ ಮೂಲದಲ್ಲೇ ವಂಶದ ಪ್ರಶ್ನೆಗೆ ಉತ್ತರವಿದೆ. ಬಂಗಾಳದ ಅಲ್ಲಾವುದ್ದೀನ್ ಖಾನರು ಮೈಹರ್ ಎಂಬ ಸಣ್ಣ ಸಂಸ್ಥಾನದಲ್ಲಿದ್ದಾಗ, 1918ರ ಸುಮಾರಿಗೆ, ಸಾಂಕ್ರಾಮಿಕಕ್ಕೆ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಕೂಡಿಸಿ ವಾದ್ಯ ಕಲಿಸಿದರು. ಅದೇ ಮೈಹರ್ ಬ್ಯಾಂಡ್. ಬಂದೂಕಿನ ನಳಿಕೆಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ‘ನಲ್‌ತರಂಗ್’ ಎಂಬ ವಾದ್ಯ ಮಾಡಿದರು. ತಮ್ಮ ಮನೆಗಳನ್ನೇ ಕಳೆದುಕೊಂಡ ಆ ಅನಾಥರಿಗೆ ಯಾವ ವಂಶದ ಸಂಗೀತವಿತ್ತು? ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನದ ಜೊತೆ ಸ್ವರ ಕೊಟ್ಟರು. ಅವರು ಭಕ್ತರು, ನನ್ನ ನಂಬಿಕೆ ಬೇರೆ. ಆದರೆ ಬಂದ ಮಗುವಿಗೆ ಕಲಿಸುವುದು, ಬರುವತನಕ ಕಲಿಸುವುದು ಎಂಬ ಅವರ ನಡೆಯಲ್ಲಿ ನನ್ನ ಮಾತಿಗೆ ಬೇಕಾದ ಸಾಕ್ಷ್ಯವೆಲ್ಲ ಇದೆ.

ನಗರದ ಈ ಅಂಚಿನಲ್ಲಿ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ಗಾಯನ ಸಮಾಜ, ರಾಮಸೇವಾ ಮಂಡಳಿ, ಮಲ್ಲೇಶ್ವರ ಜಯನಗರದ ಸಭೆಗಳು, ಎಲ್ಲವೂ ಹಳೆಯ ಬಡಾವಣೆಗಳಲ್ಲಿ. 2015ರಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದವರೆಗೆ ಬಂದ ಮೇಲೆ ದಾಸರಹಳ್ಳಿಯಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುವುದು ಸುಲಭವಾಯಿತು, ದೂರ ಅಷ್ಟರಮಟ್ಟಿಗೆ ಕರಗಿತು. ಆದರೆ ವಾದ್ಯದ ಬೆಲೆ ಕರಗಿಲ್ಲ. ಕಲಿಯುವವರ ಸಾಧಾರಣ ಪಿಟೀಲು ಕೊಳ್ಳಲು ಗಾರ್ಮೆಂಟ್ಸಿನ ತಾಯಿ ತಿಂಗಳ ಸಂಬಳದ ದೊಡ್ಡ ಪಾಲು ತೆಗೆದಿಡಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರ ಕೊರೆದು ವೀಣೆ ಮಾಡುವ ಕುಟುಂಬಗಳಿವೆ. ಕುಡಿಕೆಯ ಗೋಡೆ ಎಷ್ಟು ತೆಳುವಾದರೆ ನಾದ ಚೆನ್ನ ಎಂದು ಬೆರಳಿಂದ ತಟ್ಟಿ ತಿಳಿಯುವ ಕಿವಿಗಳು ಅಲ್ಲಿವೆ. ಆ ಮನೆಗಳ ಮಕ್ಕಳಲ್ಲಿ ಎಷ್ಟು ಜನಕ್ಕೆ ನಾವು ವೀಣೆ ನುಡಿಸಲು ಕಲಿಸಿದ್ದೇವೆ? ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಸರ್ಕಾರಿ ಶಾಲೆಗೊಬ್ಬ ಸಂಗೀತ ಶಿಕ್ಷಕ, ಮಕ್ಕಳು ಮನೆಗೆ ಒಯ್ದು ತಂದುಕೊಡಬಹುದಾದ ಒಂದಷ್ಟು ವಾದ್ಯ, ಕೇಳುತ್ತಿರುವುದು ಇಷ್ಟೇ. ಗ್ರಂಥಾಲಯದಿಂದ ಪುಸ್ತಕ ಕೊಡಬಹುದಾದರೆ ಪಿಟೀಲು ಏಕಾಗದು?

ತೋಡಿಯ ಪ್ರಶ್ನೆ ಕೇಳಿದ ಹುಡುಗಿ ಈಚೆಗೆ ಒಂದು ಸೋಬಾನೆ ಪದದ ಧಾಟಿಯನ್ನು ಪಿಟೀಲಿನಲ್ಲಿ ಹುಡುಕುತ್ತಿದ್ದಳು. ಸಿರಾ ಕಡೆಯ ಅವಳಜ್ಜಿ ಹಾಡುವುದಂತೆ. ಪಠ್ಯಕ್ರಮದಲ್ಲಿ ಅದಿಲ್ಲ. ಅಜ್ಜಿಯ ನಿಷಾದ ನಾವು ಬರೆದಿಟ್ಟ ಯಾವ ನಿಷಾದಕ್ಕೂ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಕೆಳಗೆ, ಪ್ರತಿ ಸಲವೂ ಅಲ್ಲೇ. ‘ತಪ್ಪು ಹಾಡ್ತಾರಾ ಸಾರ್?’ ಎಂದು ಕೇಳಿದಳು. ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುವ ಸ್ವರ ತಪ್ಪಲ್ಲ, ಅಜ್ಜಿಯ ಕಿವಿ ಅದನ್ನು ಆರಿಸಿಕೊಂಡಿದೆ ಎಂದೆ. ಮೆಟ್ಟಿಲಿಲ್ಲದ ವಾದ್ಯಕ್ಕೆ ಆ ಜಾಗ ಹಿಡಿಯುವುದು ಸಾಧ್ಯ, ಹಾರ್ಮೋನಿಯಂಗೆ ಸಾಧ್ಯವಿಲ್ಲ. ಅವಳು ಮೊಬೈಲಿನಲ್ಲಿ ಅಜ್ಜಿಯ ದನಿ ಹಾಕಿಕೊಂಡು ಎರಡನೇ ಬೆರಳನ್ನು ಹಿಂದೆಮುಂದೆ ಜಾರಿಸುತ್ತ ಕೂತಳು. ನಾನೂ ಜೊತೆಗೆ ಹುಡುಕಿದೆ. ಈಗ ನನ್ನ ಬೆರಳಿಗೂ ಆ ನಿಷಾದ ಗೊತ್ತು.

ಅವಳ ತಾಯಿ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾರೆ. ಮಗಳನ್ನು ಕರೆದೊಯ್ಯಲು ಬಂದವರು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಒಂದು ಭಾನುವಾರ, ಈ ವಯಸ್ಸಿಗೆ ಕಲಿಯಬಹುದಾ ಎಂದು ಕೇಳಿದರು. ಎಳೆಯ ಬೆರಳಿನ ಬಳುಕು ಇರುವುದಿಲ್ಲ, ಮಂಡಿ ನೋಯುತ್ತದೆ, ಮಗಳ ವೇಗ ಬರುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಕಿವಿ ಪಳಗುವುದಕ್ಕೆ ವಯಸ್ಸು ಅಡ್ಡಿಯಲ್ಲ, ಹೊಲಿಗೆಯಲ್ಲಿ ಪಳಗಿದ ಕೈ ಕಮಾನನ್ನು ಹಗುರ ಹಿಡಿಯಬಲ್ಲದು ಎಂಬುದನ್ನೂ ಹೇಳಿದೆ. ಓಟಿ ಇಲ್ಲದ ಭಾನುವಾರಗಳಲ್ಲಿ ಬರುತ್ತಾರೆ. ಜಂಟಿವರಸೆಯ ಎರಡನೇ ಕಾಲದಲ್ಲಿದ್ದಾರೆ. ಮೇಲಿನ ತಂತಿಗೆ ಬಂದಾಗ ಕಮಾನು ಈಗಲೂ ಕುದುರೆಯ ಕಡೆಗೆ ಜಾರುತ್ತದೆ. ಮುಂದಿನ ವಾರ ಅದನ್ನು ತಿದ್ದಬೇಕು.